ಸೈಕಲ್ಲೇ ಇಲ್ಲದ ಊರು

ಸರ್ಕಾರದ ಪಟ್ಟಿಯ ಪ್ರಕಾರ ನಮ್ಮೂರಲ್ಲಿ ಒಂದೂ ಸೈಕಲ್ ಇಲ್ಲ. ಹಾಗೆ ಬರೆಸಿದವಳು ನಾನೇ. ಯಾರನ್ನಾದರೂ ಬಯ್ಯುವ ಮೊದಲು ಅದನ್ನು ಹೇಳಿಬಿಡುತ್ತೇನೆ.

ನನ್ನನ್ನು ಅಬಿತಿ ಸ್ವಾಲೆ ಎನ್ನುತ್ತಾರೆ, ಸ್ವಾಲೆಯ ಮಗಳು ಎಂದು. ಮಲಾವಿ ಸರೋವರದೊಳಕ್ಕೆ ಚಾಚಿಕೊಂಡ ನೆಲದ ತುದಿಯಲ್ಲಿ ನಮ್ಮೂರು ಚಿಸಾಂಬ. ಮೂರು ಕಡೆ ನೀರು, ಬೆನ್ನಿಗೆ ಬಂಡೆಗುಡ್ಡ. ಗುಡ್ಡವೆಲ್ಲ ಸರ್ಕಾರ ಕಾದಿಟ್ಟ ಕಾಡು, ಸುತ್ತ ಬೇಲಿ. ಹೊರಗೆ ಹೋಗಲು ಇರುವುದು ಒಂದೇ ರಸ್ತೆ. ಹದಿನಾಲ್ಕು ಕಿಲೋಮೀಟರ್ ಹೋದರೆ ಮ್ಟೋಲೊ ಎಂಬ ಕೂಡುರಸ್ತೆ. ಮಂಗಳವಾರ, ಶನಿವಾರ ಅಲ್ಲಿ ಸಂತೆ. ನಮ್ಮ ಹೊಟ್ಟೆ ತುಂಬುವುದು ಆ ಸಂತೆಯಿಂದ.

ನಾನು ಉಸಿಪಾ ಒಣಗಿಸಿ ಮಾರುವವಳು. ಬೆರಳುದ್ದದ ಬಿಳಿ ಮೀನು ಅದು. ಬೆಳಗಿನ ದೋಣಿಗಳಿಂದ ಕೊಂಡು ಜೊಂಡಿನ ಅಟ್ಟಣೆಯ ಮೇಲೆ ಹರಡಬೇಕು. ಕಾಗೆ ಓಡಿಸಬೇಕು. ದಿನಕ್ಕೆ ನಾಲ್ಕು ಸಲ ಕೈಯಾಡಿಸಿ ಮಗುಚಬೇಕು. ಇಪ್ಪತ್ತೆರಡು ವರ್ಷ ಆ ಮೀನನ್ನು ಬುಟ್ಟಿಗೆ ತುಂಬಿ ತಲೆ ಮೇಲೆ ಹೊತ್ತು ಮ್ಟೋಲೊಗೆ ನಡೆದೆ. ಸಿಂಬೆ ಉಜ್ಜಿ ಉಜ್ಜಿ ನೆತ್ತಿಯ ಕೂದಲು ಉದುರಿತು, ಮತ್ತೆ ಹುಟ್ಟಲಿಲ್ಲ. ಕೊನೆಗೆ ಕತ್ತು ಹೋಯಿತು. ಬಲಗೈಯ ಮೂರು ಬೆರಳು ಮರಗಟ್ಟಿದವು. ಕತ್ತಿನ ಎಲುಬು ಸವೆದು ನರವನ್ನು ಒತ್ತುತ್ತಿದೆ, ಇನ್ನು ತಲೆ ಮೇಲೆ ಹೊತ್ತರೆ ಕೈಯೇ ಬಿದ್ದುಹೋಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಕೈ ಬಿದ್ದರೆ ಮೀನು ಮಗುಚುವವರು ಯಾರು? ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಇರುವುದು ಈ ಎರಡು ಕೈ.

ಅದಕ್ಕೇ ಸೈಕಲ್ ಕೊಂಡೆ. ಹಳೆಯದು, ಕಪ್ಪು ಬಣ್ಣದ್ದು, ಹಿಂದೆ ಕಬ್ಬಿಣದ ಅಗಲವಾದ ಕ್ಯಾರಿಯರ್. ನನಗೆ ತುಳಿಯಲು ಬರುವುದಿಲ್ಲ. ಬುಟ್ಟಿ ಕಟ್ಟಿ ತಳ್ಳಿಕೊಂಡು ಹೋಗುತ್ತೇನೆ. ತಲೆ ಮೇಲೆ ಏನೂ ಇಲ್ಲದೆ ಮೊದಲ ದಿನ ಆ ದಾರಿಯಲ್ಲಿ ನಡೆದಾಗ ಅಕ್ಕಪಕ್ಕ ಗಿಡಮರ ಇರುವುದು ಕಣ್ಣಿಗೆ ಬಿತ್ತು. ಹೊರೆ ಹೊತ್ತವರು ಕತ್ತು ತಿರುಗಿಸುವುದಿಲ್ಲ.

ಆಮೇಲೆ ನಾಲ್ಕು ವರ್ಷದ ಹಿಂದೆ ಪಟ್ಟಿಯವರು ಬಂದರು.

ಪಟ್ಟಿ ಎಂದರೆ ನಮಗೆ ಗೊತ್ತಿರುವುದು ಒಂದೇ. ಜನವರಿ ಫೆಬ್ರವರಿಯಲ್ಲಿ ಕಣಜ ಬರಿದಾದಾಗ ಮೆಕ್ಕೆಜೋಳದ ಹಿಟ್ಟು ಹಂಚಲು ಹೆಸರು ಬರೆದುಕೊಳ್ಳುತ್ತಾರೆ. ಮೇಕೆ ಇದೆ ಎಂದವನಿಗೆ ಹಿಟ್ಟಿಲ್ಲ. ತಗಡಿನ ಸೂರು ಇದೆ ಎಂದವಳಿಗೆ ಹಿಟ್ಟಿಲ್ಲ. ಪಕ್ಕದ ಮನೆಯ ಎಸ್ನಾತಿ ಒಮ್ಮೆ ಜಂಬಕ್ಕೆ ರೇಡಿಯೋ ಇದೆ ಎಂದುಬಿಟ್ಟಳು, ಆರು ವಾರ ನಮ್ಮ ಮನೆಯ ಗಂಜಿ ಕುಡಿದಳು. ಅಲ್ಲಿಂದ ಊರಿಗೆ ಬುದ್ಧಿ ಬಂತು. ಪಟ್ಟಿಯವರು ಬಂದರೆ ಏನಿದ್ದರೂ ಇಲ್ಲ ಎನ್ನಬೇಕು. ಇದನ್ನು ಹೇಳಿಕೊಡುವ ಕೆಲಸ ನನ್ನದು. ಯಾಕೆಂದರೆ ನನ್ನ ಬಾಯಿ ದೊಡ್ಡದು.

ಆ ದಿನವೂ ಮನೆಮನೆಗೆ ಹೋಗಿ ಹೇಳಿದೆ. ಸೈಕಲ್‌ಗಳನ್ನೆಲ್ಲ ತಂದು ನನ್ನ ಉದ್ದನೆಯ ಅಟ್ಟಣೆಯ ಕೆಳಗೆ ಒಂದರ ಮೇಲೊಂದು ಮಲಗಿಸಿದರು. ಮೇಲೆ ಚಾಪೆ ಇಳಿಬಿಟ್ಟೆ. ಅಟ್ಟಣೆಯ ತುಂಬ ಮೀನು. ನೀಲಿ ಅಂಗಿಯ ನಾಲ್ಕು ಜನ ಅದರ ಪಕ್ಕದಲ್ಲೇ ಮೂಗು ಮುಚ್ಚಿಕೊಂಡು ಹಾದುಹೋದರು.

ಪ್ರಶ್ನೆಗಳು ಈ ಸಲ ಬೇರೆ ಥರ ಇದ್ದವು. ಮನೆಯಲ್ಲಿ ಚಕ್ರದ ಗಾಡಿ ಏನಾದರೂ ಇದೆಯೇ? ವಾರಕ್ಕೆ ಎಷ್ಟು ಸಲ ಈ ರಸ್ತೆಯಲ್ಲಿ ಹೋಗುತ್ತೀರಿ? ಏನು ಸಾಗಿಸುತ್ತೀರಿ? ಅನುಮಾನ ಬರಬೇಕಿತ್ತು, ಬರಲಿಲ್ಲ. ಎಲ್ಲರೂ ಇಲ್ಲ ಎಂದರು. ಮುದುಕ ಕಾಯಿಸಿಯಂತೂ ತಾನು ಊರಿಂದ ಆಚೆ ಕಾಲಿಟ್ಟದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ, ಅದೂ ಯಾರೋ ಎಳೆದುಕೊಂಡು ಹೋಗಿದ್ದರು ಎಂದ. ನಾನು ನಗು ತಡೆಯಲು ಬಟ್ಟೆಯ ಅಂಚನ್ನು ಬಾಯಿಗೆ ತುರುಕಿಕೊಂಡೆ. ನನ್ನ ಸರದಿ ಬಂದಾಗ ಹೇಳಿದೆ:

"ನಾನೆಲ್ಲಿಗೆ ಹೋಗ್ಲಪ್ಪ. ಹೋಗೋಕೆ ನನ್ನತ್ರ ಏನಿದೆ."

ಹೆಬ್ಬೆಟ್ಟು ಒತ್ತಿದೆ. ಆ ವರ್ಷ ಹಿಟ್ಟೂ ಬಂತು. ನನ್ನ ಜಾಣತನವನ್ನು ಊರೆಲ್ಲ ಹೊಗಳಿತು.

ಮರುವರ್ಷ ರಸ್ತೆಗೆ ಟಾರು ಹಾಕಲು ಶುರುಮಾಡಿದರು. ದಂಡೆಯುದ್ದಕ್ಕೂ ಲಾಡ್ಜುಗಳಿವೆ. ಬಿಳಿಯರು ನಮ್ಮ ನೀರಲ್ಲಿ ಬಣ್ಣದ ಮೀನು ನೋಡಲು ಬರುತ್ತಾರೆ, ಅವರ ಬೆನ್ನು ಗುಂಡಿಗಳಲ್ಲಿ ಕುಲುಕಬಾರದು. ರಸ್ತೆಗೆ ಜಲ್ಲಿ ಒಡೆದವರು ನಾವು ಹೆಂಗಸರು. ಬಂಡೆಯ ಮೇಲೆ ಕೂತು, ರಬ್ಬರ್ ಪಟ್ಟಿಯಿಂದ ಕಲ್ಲು ಹಿಡಿದು, ಸುತ್ತಿಗೆಯಿಂದ ಕುಟ್ಟಿದೆವು. ಎಸ್ನಾತಿಯ ಕಣ್ಣಿಗೆ ಚೂರು ಸಿಡಿಯಿತು, ಆ ಕಣ್ಣು ಈಗಲೂ ಮಂಜು. ರಸ್ತೆ ಚೆನ್ನಾಗಿಯೇ ಆಯಿತು. ಸುಳ್ಳು ಯಾಕೆ ಹೇಳಲಿ, ಸೈಕಲ್ ತಳ್ಳುವುದಕ್ಕೆ ಬೆಣ್ಣೆಯ ಹಾಗಿತ್ತು. ಆರು ತಿಂಗಳು ತಳ್ಳಿದೆ.

ಆಮೇಲೆ ಗೇಟು ಬಂತು. ಗುಡ್ಡದ ಬೇಲಿಗೂ ನೀರಿಗೂ ನಡುವೆ ನೆಲ ಕಿರಿದಾಗುವ ಕಡೆ, ಬಾಟಲಿಗೆ ಬಿರಡೆ ಹಾಕಿದ ಹಾಗೆ. ಕೆಂಪು ಬಿಳಿ ಪಟ್ಟೆಯ ಕಂಬ, ಗಾಜಿನ ಕೋಣೆ, ಸುಂಕದ ಬೋರ್ಡು. ವ್ಯಾನಿಗಿಷ್ಟು, ಕಾರಿಗಿಷ್ಟು, ಲಾರಿಗಿಷ್ಟು. ಕೊನೆಯ ಸಾಲಿನಲ್ಲಿ ಸರಕಿನ ಸೈಕಲ್, ಹೋಗಲು ಎರಡು ಸಾವಿರ ಕ್ವಾಚ, ಬರಲು ಎರಡು ಸಾವಿರ. ಅಷ್ಟು ಕೊಟ್ಟರೆ ಸಂತೆಯಿಂದ ಹಿಟ್ಟು ತರಲು ಏನೂ ಉಳಿಯುವುದಿಲ್ಲ. ತಲೆಹೊರೆಗೆ ಸುಂಕವಿಲ್ಲ ಎಂದು ದೊಡ್ಡ ಮನಸ್ಸು ಮಾಡಿ ಬರೆದಿದ್ದರು. ಮಂದಿಯನ್ನೂ ಮೂಟೆಯನ್ನೂ ಹೇರಿಕೊಂಡು ಬರುತ್ತಿದ್ದ ಪಿಕಪ್ ಗಾಡಿಗಳು ಮೊದಲ ವಾರ ದರ ಏರಿಸಿದವು, ಎರಡನೇ ವಾರ ಬರುವುದನ್ನೇ ನಿಲ್ಲಿಸಿದವು.

ಗೇಟಿನಲ್ಲಿ ಕಾವಲಿಗೆ ನಿಂತವನು ಯಾಸಿನಿ. ತೀರಿಹೋದ ನನ್ನ ಅಕ್ಕನ ಮಗ. ನಾನೇ ಸಾಕಿದವನು, ಈಗ ಮದುವೆಯಾಗಿ ಹೆಂಡತಿಯ ಊರಲ್ಲಿದ್ದಾನೆ, ಗೇಟಿನ ಆಚೆ. ಹೊಸ ಬೂಟು ಹಾಕಿಕೊಂಡು ನನ್ನ ಮುಂದೆ ನಿಂತು ನೆಲ ನೋಡುತ್ತಾ, ಸ್ಥಳೀಯರಿಗೆ ಪಾಸ್ ಕೊಡುತ್ತಾರಂತೆ, ಒಳಗೆ ಸಾಹೇಬರನ್ನು ಕೇಳು ಎಂದ.

ಸಾಹೇಬನ ಹೆಸರು ಲುಸುಂಗು. ಉತ್ತರದ ಕಡೆಯ ಹುಡುಗ, ಒಳ್ಳೆಯ ಮಾತಿನವನು. ಕುರ್ಚಿ ಕೊಟ್ಟ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಓದಲು ಬರುವುದಿಲ್ಲ ಎಂದೆ, ತಾನೇ ಓದಿದ. ಚಿಸಾಂಬ, ಇನ್ನೂರ ಹನ್ನೆರಡು ಮನೆ. ಸೈಕಲ್, ಸೊನ್ನೆ. ರಸ್ತೆ ಬಳಸುವವರು, ಯಾರೂ ಇಲ್ಲ.

"ಪಾಸ್ ರಸ್ತೆ ಬಳಸೋರಿಗಮ್ಮ. ನಿಮ್ಮೂರಲ್ಲಿ ಯಾರೂ ಬಳಸಲ್ಲ ಅಂತ ನೀವೇ ಹೇಳಿದೀರಿ."

ಹೊರಗೆ ನನ್ನ ಸೈಕಲ್ ನಿಂತಿತ್ತು, ಮೀನಿನ ಬುಟ್ಟಿ ಸಮೇತ. ಅದನ್ನು ತೋರಿಸಿದೆ. ಅವನು ಕಿಟಕಿಯಿಂದ ನೋಡಿದ.

"ಅದು ಪಟ್ಟಿಯಲ್ಲಿಲ್ಲ" ಎಂದ.

ನನಗೆ ಅಲ್ಲಿಯೇ ಭೂಮಿ ಬಾಯಿ ಬಿಡಬಾರದೆ ಎನಿಸಿತು. ಹಿಟ್ಟಿಗೆಂದು ಹೇಳಿದ ಸುಳ್ಳು ಗೇಟಾಗಿ ನಿಂತಿತ್ತು. ಹಿಂದಕ್ಕೆ ತಳ್ಳಿಕೊಂಡು ಬಂದೆ.

ಊರು ನನ್ನನ್ನು ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ನೀರು ಸೇದುವ ಕಡೆ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಎಸ್ನಾತಿ ಮಾತ್ರ ಮುಖಕ್ಕೇ ಹೇಳಿದಳು: "ಜಾಣೆ ಕಣೇ ನೀನು. ಅರವತ್ತು ಸೈಕಲ್ ಮುಚ್ಚಿಟ್ಟೆ. ಈಗ ನಮ್ಮನ್ನೂ ಅದರ ಜೊತೆ ಮುಚ್ಚಿಟ್ಟೆ."

ಊರ ಹಿರಿಯ ಬೇಡಿಕೊಂಡ ಮೇಲೆ ಲುಸುಂಗು ಒಂದು ದಿನ ಊರಿಗೇ ಬಂದ. ಮಾವಿನ ಮರದ ಕೆಳಗೆ ಮೇಜು ಹಾಕಿಸಿದ. ಪಟ್ಟಿ ತಿದ್ದಬಹುದು ಎಂದ. ಸೈಕಲ್ ಇದೆ, ವ್ಯಾಪಾರ ಇದೆ, ವಾರಕ್ಕೆ ಎರಡು ಸಲ ಹೋಗುತ್ತೇನೆ ಎಂದು ಹೇಳಿ ಹೆಬ್ಬೆಟ್ಟು ಒತ್ತಿದವರಿಗೆ ಪಾಸ್. ಜನ ಎದ್ದು ಸಾಲು ನಿಲ್ಲತೊಡಗಿದರು. ಆಗ ಅವನು, ಒಳ್ಳೆಯ ಹುಡುಗ, ಮುಚ್ಚಿಡದೆ ಉಳಿದದ್ದನ್ನೂ ಹೇಳಿದ. ಈ ಪಟ್ಟಿಯೂ ಹಿಟ್ಟಿನ ಪಟ್ಟಿಯೂ ಈಗ ಒಂದೇ. ವಾಹನ, ವ್ಯಾಪಾರ ಇರುವ ಮನೆ ಹಿಟ್ಟಿನಿಂದ ತಾನಾಗಿಯೇ ಹೊರಗೆ ಹೋಗುತ್ತದೆ. ತನ್ನ ಕೈಯಲ್ಲಿ ಏನೂ ಇಲ್ಲ.

ಸಾಲು ಕರಗಿತು. ಒಬ್ಬೊಬ್ಬರಾಗಿ ಹೋಗಿ ನೆಲದ ಮೇಲೆ ಕೂತರು. ಅದು ನವೆಂಬರ್. ಇನ್ನು ಎರಡು ತಿಂಗಳಿಗೆ ಕಣಜ ಬರಿದು. ರಸ್ತೆ ಬೇಕೆಂದರೆ ಹಿಟ್ಟಿಲ್ಲ, ಹಿಟ್ಟು ಬೇಕೆಂದರೆ ರಸ್ತೆಯಿಲ್ಲ.

ನಾನು ಮೇಜಿನ ಹತ್ತಿರ ಹೋದೆ.

"ಬರ್ಕೋ. ನನಗೆ ಸೈಕಲ್ ಇದೆ. ವ್ಯಾಪಾರ ಇದೆ. ವಾರಕ್ಕೆರಡು ಸಲ ಹೋಗ್ತೀನಿ. ಬರೆದ್ಯಾ? ಈಗ ಇದನ್ನೂ ಬರಿ. ಜನವರಿಲಿ ನನ್ನ ಮನೇಲಿ ಹಿಟ್ಟಿರಲ್ಲ. ಎರಡೂ ನಿಜ. ಎರಡೂ ಬರಿ."

"ಎರಡೂ ಬರೆಯೋಕೆ ಬರಲ್ಲಮ್ಮ. ಒಂದನ್ನ ಒತ್ತಿದ್ರೆ ಇನ್ನೊಂದು ಅಳಿಸಿಹೋಗತ್ತೆ."

"ಹಾಗಾದ್ರೆ ನಾನು ಯಾವುದಕ್ಕೂ ಹೆಬ್ಬೆಟ್ಟು ಒತ್ತಲ್ಲ."

ಊರ ಹಿರಿಯ ನನಗೆ ಸುಮ್ಮನಿರು ಎಂದ. ಸಾಹೇಬನಿಗೆ ನನ್ನ ಪರವಾಗಿ ಕ್ಷಮೆ ಕೇಳಿದ. ಗಂಡಸರು ಹೀಗೆ ಕ್ಷಮೆ ಕೇಳುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ದಿನ ಯಾರೂ ಹೆಬ್ಬೆಟ್ಟು ಒತ್ತಲಿಲ್ಲ. ಧೈರ್ಯದಿಂದಲ್ಲ, ಹೆದರಿಕೆಯಿಂದ.

ಆಮೇಲೆ ಬುಟ್ಟಿ ಮತ್ತೆ ತಲೆಗೆ ಬಂತು.

ಐದು ವಾರ ಹೊತ್ತೆ. ಎಡಗೈಯಿಂದ ಬುಟ್ಟಿ ಹಿಡಿಯುತ್ತಿದ್ದೆ, ಬಲಗೈ ಸುಮ್ಮನೆ ಜೋಲಾಡುತ್ತಿತ್ತು. ಮೂರು ಬೆರಳು ಐದಾದವು. ಚಹಾ ಲೋಟ ಹಿಡಿದರೆ ಬಿಸಿ ಗೊತ್ತಾಗುತ್ತಿರಲಿಲ್ಲ, ತೊಗಲು ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಕಾಣುತ್ತಿತ್ತು. ಗೇಟಿನ ಬದಿಯಲ್ಲಿ ಕಾಲ್ನಡಿಗೆಯವರಿಗೆ ಒಂದು ಕಿಂಡಿ ಬಿಟ್ಟಿದ್ದಾರೆ, ಮೈ ಅಡ್ಡ ತಿರುಗಿಸಿ ನುಸುಳಬೇಕು. ಹೊರೆ ಹೊತ್ತವಳು ಮೈ ತಿರುಗಿಸುವುದು ಹೇಗೆ? ಕತ್ತನ್ನು ಒಂದು ಕಡೆ, ಸೊಂಟವನ್ನು ಒಂದು ಕಡೆ ತಿರುಚಿ, ಕುಕ್ಕರಿಸಿದ ಹಾಗೆ ಬಾಗಿ ದಾಟುತ್ತಿದ್ದೆವು. ವ್ಯಾನಿನ ಕಿಟಕಿಗಳಿಂದ ನಮ್ಮ ಫೋಟೋ ತೆಗೆಯುತ್ತಿದ್ದರು. ಬಣ್ಣದ ಬಟ್ಟೆ, ತಲೆ ಮೇಲೆ ಬುಟ್ಟಿ, ಹಿಂದೆ ನೀಲಿ ನೀರು. ಚೆನ್ನಾಗಿಯೇ ಕಾಣಿಸುತ್ತಿತ್ತು ಅನ್ನಿ.

ಆರನೇ ವಾರದ ಮಂಗಳವಾರ ಕಿಂಡಿಯಲ್ಲಿ ಕತ್ತಿನೊಳಗೆ ಏನೋ ಟಕ್ ಎಂದಿತು. ಎರಡು ಕೈಯೂ ಒಟ್ಟಿಗೆ ಸತ್ತವು. ಬುಟ್ಟಿ ಬಿತ್ತು. ಮೀನು ಟಾರಿನ ಮೇಲೆಲ್ಲ ಚೆಲ್ಲಿತು. ನಾನು ಮಂಡಿಯೂರಿ ಬಾಚಲು ಹೋದೆ, ಬೆರಳು ಮಡಚಲಿಲ್ಲ. ಮೊಣಕೈಗಳಿಂದ ಬಳಿದೆ. ಹಿಂದೆ ಬಿಳಿ ವ್ಯಾನು ಹಾರ್ನ್ ಹೊಡೆಯಲಿಲ್ಲ. ಅವರು ಸಭ್ಯರು, ಕಾದರು. ಗಾಜಿನ ಕೋಣೆಯಿಂದ ಲುಸುಂಗು ಹೊರಗೆ ಬಂದು ಯಾಸಿನಿಗೆ ಏನೋ ಹೇಳಿದ. ಯಾಸಿನಿ ಪೊರಕೆ ತಂದ.

"ಚಿಕ್ಕಮ್ಮ, ಸ್ವಲ್ಪ ಈಚೆ ಬಾ" ಎಂದ.

ನಾನು ಕದಲಲಿಲ್ಲ. ಅವನು ನನ್ನ ಸುತ್ತ ಗುಡಿಸಿದ. ನಾಲ್ಕು ದಿನ ಒಣಗಿಸಿದ ಮೀನನ್ನು ಮಣ್ಣು, ಟಾರಿನ ಪುಡಿ, ಸಿಗರೇಟಿನ ತುಂಡಿನ ಜೊತೆ ಚರಂಡಿಗೆ ತಳ್ಳಿದ. ನಾನು ಅಗಿದು ಬಾಯಿಗಿಟ್ಟು ಸಾಕಿದ ಮಗ. ಅವನು ಅಳುತ್ತಿದ್ದ. ಅಳುತ್ತಲೇ ಗುಡಿಸಿದ. ಅವನ ಮೇಲೆ ನನಗೆ ಕನಿಕರ ಬಂತು. ಅಷ್ಟೇ ಅಸಹ್ಯವೂ ಆಯಿತು.

ಮೂರು ದಿನ ಮಲಗಿದ್ದೆ. ಎಸ್ನಾತಿ ಬಂದು ಮುದ್ದೆ ಮುರಿದು ಬಾಯಿಗಿಟ್ಟಳು. ಎಡಗೈ ಮರಳಿತು. ಬಲಗೈ ಅರ್ಧ ಮರಳಿತು.

ಶನಿವಾರ ಬೆಳಿಗ್ಗೆ ಅವಳ ಮೀನು ಒಂದು ಬುಟ್ಟಿ ಸಾಲ ಕೇಳಿದೆ. ಸೈಕಲ್ ಹೊರಗೆ ತಂದೆ. ಅವಳೇ ಕಟ್ಟಿಕೊಟ್ಟಳು. ಎಲ್ಲಿಗೆ ಎಂದು ಕೇಳಲಿಲ್ಲ.

ಗೇಟಿಗೆ ಹೋಗಿ ಕಂಬಕ್ಕೆ ಮುಂದಿನ ಚಕ್ರ ತಾಗಿಸಿ ನಿಂತೆ. ಕಿಂಡಿಯ ಹತ್ತಿರ ಅಲ್ಲ. ರಸ್ತೆಯ ನಡುವೆ, ವಾಹನಗಳು ನಿಲ್ಲುವ ಕಡೆ.

"ಎತ್ತು" ಎಂದೆ.

ಯಾಸಿನಿ ಕೈಮುಗಿದ. ಚಿಕ್ಕಮ್ಮ, ದುಡ್ಡು ನಾನೇ ಹಾಕುತ್ತೇನೆ ಎಂದ. ಜೇಬಿಗೆ ಕೈಹಾಕಿ ತೆಗೆದೂಬಿಟ್ಟ. ಒಂದು ಕ್ಷಣ ಆಸೆಯಾಯಿತು. ಮುಚ್ಚಿಡುವುದಿಲ್ಲ. ಹದಿನಾಲ್ಕು ಕಿಲೋಮೀಟರ್ ಆಚೆ ಸಂತೆಯಿತ್ತು.

"ಇವತ್ತು ನೀನು ಹಾಕ್ತೀಯ. ಮಂಗಳವಾರ? ಒಳಗಿಡು. ನಾನು ಕೊಡಲ್ಲ, ನೀನೂ ಕೊಡಬೇಡ. ವಾಪಸ್ಸೂ ಹೋಗಲ್ಲ."

ಹಿಂದೆ ಒಂದು ವ್ಯಾನು ಬಂದು ನಿಂತಿತು. ಆಮೇಲೆ ಎರಡು. ಆಮೇಲೆ ಎಣಿಸಲಿಲ್ಲ. ಸೈಕಲನ್ನು ಪಕ್ಕಕ್ಕೆ ಸರಿಸಲು ಲುಸುಂಗು ಇಬ್ಬರನ್ನು ಕಳಿಸಿದ. ನಾನು ಚಕ್ರದ ಕಡ್ಡಿಗಳ ನಡುವೆ ಬಲಗೈ ತೂರಿಸಿ ನೆಲದ ಮೇಲೆ ಕೂತೆ. ಎಳೆದರೆ ಕೈ ಮುರಿಯುತ್ತದೆ. ಹೇಗೂ ನೋವು ಗೊತ್ತಾಗುವ ಕೈಯಲ್ಲ. ಅವರು ಎಳೆಯಲಿಲ್ಲ. ಬಿಸಿಲೇರಿತು. ಮೀನಿನ ವಾಸನೆಗೆ ವ್ಯಾನಿನವರು ಗಾಜು ಏರಿಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಮ್ಟೋಲೊದಿಂದ ಪೊಲೀಸಿನವನು ಬಂದ. ದಪ್ಪ ಮನುಷ್ಯ, ಬೆವರುತ್ತಿದ್ದ. ನನ್ನ ಕೈ ಬಿಡಿಸಿ ಗಾಜಿನ ಕೋಣೆಗೆ ಕರೆದೊಯ್ದು ದೊಡ್ಡ ಪುಸ್ತಕ ತೆರೆದ. ಹೆಸರು, ಊರು ಕೇಳಿದ. ಬರೆದ. ಈ ರಸ್ತೆಯಲ್ಲಿ ನಿನಗೇನು ಕೆಲಸ ಎಂದ. ಸಂತೆಗೆ ಮೀನು ಒಯ್ಯುತ್ತೇನೆ ಎಂದೆ. ಎಷ್ಟು ವರ್ಷದಿಂದ? ಮೂವತ್ತು ವರ್ಷದಿಂದ. ಯಾತರಲ್ಲಿ? ಮೊದಲು ತಲೆ ಮೇಲೆ, ಈಗ ಎಂಟು ವರ್ಷದಿಂದ ಸೈಕಲ್‌ನಲ್ಲಿ. ದುಡ್ಡು ಯಾಕೆ ಕೊಡಲಿಲ್ಲ? ಇಲ್ಲ, ಜನವರಿ ಬಂದರೆ ಹಿಟ್ಟಿಗೂ ಇರುವುದಿಲ್ಲ. ಎಲ್ಲವನ್ನೂ ಬರೆದುಕೊಂಡ. ಆಮೇಲೆ ಓದಿ ಹೇಳಿದ.

"ಇನ್ನೊಂದು ಸಲ ಓದಿ" ಎಂದೆ.

ಓದಿದ. ಸೈಕಲ್ ಇತ್ತು. ವ್ಯಾಪಾರ ಇತ್ತು. ಬರಿದಾದ ಕಣಜವೂ ಇತ್ತು. ಒಂದು ಇನ್ನೊಂದನ್ನು ಅಳಿಸಿರಲಿಲ್ಲ. ರಸ್ತೆ ತಡೆದ ಅಪರಾಧಿ, ಈ ರಸ್ತೆಯನ್ನು ಮೂವತ್ತು ವರ್ಷದಿಂದ ಬಳಸುತ್ತಿರುವವಳು ಎಂದಿತ್ತು. ಲುಸುಂಗು ಮೂಲೆಯಲ್ಲಿ ನಿಂತು ಕೇಳುತ್ತಿದ್ದ. ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ. ಎಡಗೈಯದು.

ಸೈಕಲನ್ನು ಸಾಕ್ಷಿಗೆ ಬೇಕೆಂದು ಅವರೇ ಇಟ್ಟುಕೊಂಡರು. ಮೀನನ್ನೂ. ಮುಂದಿನ ತಿಂಗಳು ನ್ಯಾಯಾಲಯಕ್ಕೆ ಬರಬೇಕು ಎಂದರು. ಅದೂ ಗೇಟಿನ ಆಚೆ. ಬರಿಗೈಯಲ್ಲಿ ನಡೆದು ಮನೆಗೆ ಬಂದೆ. ಗೆದ್ದ ಹಾಗೆ ಏನೂ ಅನಿಸಲಿಲ್ಲ. ಇದ್ದ ಒಂದು ಸೈಕಲೂ ಹೋಯಿತು, ಕೈಯೂ ಹೋಯಿತು, ಎಸ್ನಾತಿಯ ಮೀನಿನ ಸಾಲ ಬೇರೆ. ಅಂಗಳದಲ್ಲಿ ಅವಳು ಕಾಯುತ್ತಿದ್ದಳು. ಹಿಂದೆ ಇನ್ನಷ್ಟು ಹೆಂಗಸರು. ಏನು ಬರೆದುಕೊಂಡರು ಎಂದು ಕೇಳಿದರು. ಹೇಳಿದೆ. ಎಸ್ನಾತಿ ಮಂಜುಗಣ್ಣು ಒರೆಸಿಕೊಂಡು, ಮತ್ತೆ ಹೇಳು ಎಂದಳು. ಮತ್ತೆ ಹೇಳಿದೆ.

ಮಂಗಳವಾರ ಬೆಳಿಗ್ಗೆ ಆ ಹೆಂಗಸರೆಲ್ಲ ನನ್ನನ್ನೂ ಎಬ್ಬಿಸಿಕೊಂಡು ಹೋದರು. ಊರ ಹಿರಿಯ ಅಡ್ಡ ಬಂದು, ಹಿಟ್ಟು ಕೈತಪ್ಪುತ್ತದೆ, ಮಕ್ಕಳ ಮುಖ ನೋಡಿ ಎಂದ. ಸುಳ್ಳಲ್ಲ ಅವನು ಹೇಳಿದ್ದು. ಮೂವರು ಹೆಂಗಸರು ಹಿಂದಿರುಗಿದರು, ಅವರನ್ನು ನಾನು ಬಯ್ಯುವುದಿಲ್ಲ. ಉಳಿದವರು ಸೈಕಲ್ ತಳ್ಳಿಕೊಂಡು ಗೇಟಿಗೆ ಬಂದೆವು. ಕಂಬದ ಮುಂದೆ ರಸ್ತೆಯ ಅಗಲಕ್ಕೂ ಸಾಲು ನಿಲ್ಲಿಸಿ ಸ್ಟ್ಯಾಂಡ್ ಹಾಕಿದರು. ಯಾಸಿನಿ ಕಂಬದ ಹಗ್ಗ ಹಿಡಿದು ನಿಂತಿದ್ದ. ಎತ್ತಲೂ ಇಲ್ಲ, ಬಿಡಲೂ ಇಲ್ಲ.

ಪೊಲೀಸಿನವನು ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಏನ್ರಮ್ಮ ಇದೆಲ್ಲ, ಏನು ಬೇಕು ನಿಮಗೆ ಎಂದ.

"ನಮ್ಮ ಮೇಲೂ ಕೇಸ್ ಬರೀರಿ" ಎಂದಳು ಎಸ್ನಾತಿ. "ಅವಳ ಮೇಲೆ ಬರೆದ್ರಲ್ಲ, ಹಾಗೇ. ಪೂರ್ತಿ."

ಲುಸುಂಗು ಅವನ ಕಿವಿಯಲ್ಲಿ ಏನೋ ಹೇಳಿದ. ಬರೆಯಬೇಡ ಎಂದಿರಬೇಕು. ಪೊಲೀಸಿನವನು ಟೋಪಿ ತೆಗೆದು ಬೆವರು ಒರೆಸಿಕೊಂಡ. ಹಿಂದೆ ನಿಂತ ವ್ಯಾನುಗಳನ್ನು ನೋಡಿದ. ಮುಂದೆ ನಿಂತ ಸೈಕಲ್‌ಗಳನ್ನು ನೋಡಿದ. ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಎಷ್ಟು ಸೈಕಲ್ ಇವೆ ಎಂದು ನನ್ನನ್ನೇ ಕೇಳಿದ.

"ನಾನು ಹೇಳಲ್ಲ" ಎಂದೆ. "ನೀವೇ ಎಣಿಸಿ. ಒಂದನ್ನೂ ಬಿಡಬೇಡಿ."